ಜ್ವರ ಇಳಿದ ಬೆಳಿಗ್ಗೆ

ನಿಲಾ ನರ್ಸ್ ಓದಲು ಹೋಗುವುದು ಬೇಡ ಎಂದು ಊರಿನವರು ಮುಖಕ್ಕೆ ಹೊಡೆದಂತೆ ಅಂದುಬಿಟ್ಟಿದ್ದರೆ ಅವಳು ಒಂದು ದಿನ ಅತ್ತು, ಎರಡು ದಿನ ಮುಖ ಊದಿಸಿಕೊಂಡು, ಆಮೇಲೆ ಸುಮ್ಮನಾಗುತ್ತಿದ್ದಳು. ಆದರೆ ನಮ್ಮ ದ್ವೀಪದವರಿಗೆ ಇಲ್ಲ ಎನ್ನಲು ನಾಲಿಗೆಯೇ ತಿರುಗುವುದಿಲ್ಲ. ಕೇಳಿದವರ ಮುಖ ಬಾಡೀತು ಎಂದು ಎಲ್ಲದಕ್ಕೂ ಹೂಂ. ದೋಣಿ ಕೊಡ್ತೀಯಾ? ಹೂಂ. ಬಲೆ ಎಳೆಯೋಕೆ ಬರ್ತೀಯಾ? ಹೂಂ. ಆ ದಿನ ಬಂದಾಗ ನೋಡಿದರೆ ಆಸಾಮಿಯೇ ನಾಪತ್ತೆ. ಇದನ್ನು ನಮ್ಮಲ್ಲಿ ಯಾರೂ ಸುಳ್ಳು ಅನ್ನುವುದಿಲ್ಲ, ಮರ್ಯಾದೆ ಅನ್ನುತ್ತಾರೆ.

ಅಂಗಡಿಯ ಲುಮಿಂಗ್ ಅಂತೂ ನಿಲಾಳ ಗಲ್ಲ ಹಿಂಡಿ, ಹುಡುಗಿಯರನ್ನು ಮುದ್ದಿನಿಂದ ಕರೆಯುವಂತೆ ಇಂದಾಯ್ ಎಂದು ಕರೆದು ಹೇಳಿದ್ದಳು, "ಅಯ್ಯೋ, ನಿನಗಲ್ದೆ ಇನ್ಯಾರಿಗೆ ಕೈ ಎತ್ತಲಿ ಇಂದಾಯ್? ಒಂದಲ್ಲ, ಎರಡೂ ಕೈ ಎತ್ತಿಬಿಡ್ತೀನಿ ಹೋಗು!"

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಬಾಸ್ಕೆಟ್‌ಬಾಲ್ ಅಂಗಳದಲ್ಲಿ, ಕೈ ಎತ್ತಿ ಒಪ್ಪಿಗೆ ಕೊಡುವ ಸಭೆ. ಊರಿನ ಚುನಾಯಿತ ಮುಖಂಡ ಕ್ಯಾಪ್ಟನ್ ಒಸ್ಮುಂಡೊ ಎಪ್ಪತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದ. ಬಂದವರು ಹನ್ನೊಂದು ಜನ. ಅವರಲ್ಲೊಬ್ಬ ನಿಲಾಳ ಅಪ್ಪ ಉರ್ಬಾನೊ. ಇನ್ನಿಬ್ಬರು ಆಡಲು ಬಂದವರು. ಸಭೆ ಯಾವಾಗ ಮುಗಿದೀತು ಎಂದು ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಲುಮಿಂಗ್‌ಳ ಎರಡು ಕೈ ಹಾಗಿರಲಿ, ಅವಳ ನೆರಳೂ ಅತ್ತ ಸುಳಿಯಲಿಲ್ಲ.

ಈ ಸಭೆ ಬೇಕಾದದ್ದು ನಿಲಾ ಓದಿದ ಪಟ್ಟಣದ ಶಾಲೆಯ ಪದ್ಧತಿಯಿಂದ. ಅಲ್ಲಿ ಓದನ್ನು ಏಣಿಯಂತೆ ಮಾಡಿಟ್ಟಿದ್ದಾರೆ. ಮೊದಲ ಮೆಟ್ಟಿಲು ಹತ್ತಿದರೆ ನರ್ಸಿಂಗ್ ಸಹಾಯಕಿ. ಊರಿಗೆ ಮರಳಿ ಕೆಲವು ವರ್ಷ ಕೆಲಸ ಮಾಡಬೇಕು, ಆಮೇಲೆ ಎರಡನೆಯ ಮೆಟ್ಟಿಲು, ನರ್ಸ್. ಇನ್ನೂ ಉಸಿರಿದ್ದರೆ ಅದರ ಮೇಲೂ ಮೆಟ್ಟಿಲುಗಳಿವೆ. ಆದರೆ ಪ್ರತಿ ಮೆಟ್ಟಿಲಿಗೂ ಊರು ಹೊಸದಾಗಿ ಒಪ್ಪಬೇಕು. ಅರ್ಧಕ್ಕಿಂತ ಹೆಚ್ಚು ಮನೆಯವರು ಒಂದೆಡೆ ಸೇರಿ, ಕೈ ಎತ್ತಿ, ಕಾಗದಕ್ಕೆ ಸಹಿ ಹಾಕಬೇಕು. ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿರಲಿ, ಊರಿನ ಒಪ್ಪಿಗೆ ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಕಲಿತವರೆಲ್ಲ ವಿಮಾನ ಹತ್ತಿ ಹೋಗುವುದನ್ನು ನೋಡಿ ರೋಸಿಹೋದ ಯಾರೋ ಪುಣ್ಯಾತ್ಮರು ಮಾಡಿದ ನಿಯಮ. ಒಳ್ಳೆಯ ನಿಯಮವೇ. ಅದು ನಮ್ಮಂಥವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಮಾತ್ರ ಅವರು ಯೋಚಿಸಿರಲಿಲ್ಲ.

ನಮ್ಮೂರಲ್ಲಿ ಅರವತ್ತನಾಲ್ಕು ಮನೆ. ಮೂವತ್ತಮೂರು ಮನೆಯವರು ಬರಬೇಕು. ತಿಂಗಳ ಕೊನೆಯೊಳಗೆ ಕಾಗದ ಶಾಲೆಗೆ ಮುಟ್ಟಬೇಕು. ನಿಲಾಗೆ ಮೂವತ್ತೊಂದು ತುಂಬಿತ್ತು, ಮೂವತ್ತೆರಡಾದವರನ್ನು ಶಾಲೆ ಸೇರಿಸಿಕೊಳ್ಳುವುದಿಲ್ಲ. ಈ ಸಲ ತಪ್ಪಿದರೆ ಅವಳು ಸಾಯುವವರೆಗೆ ಸಹಾಯಕಿಯೇ.

ಎರಡನೆಯ ಭಾನುವಾರದ ಸಭೆಗೆ ಒಂಬತ್ತು ಜನ ಬಂದರು.

ಮರುದಿನ ಅವಳು ದಾರಿಯಲ್ಲಿ, ಹೂಂ ಅಂದವರಲ್ಲೊಬ್ಬನಾದ ಪಾಕ್ವಿಟೊನನ್ನು ಅಡ್ಡಹಾಕಿದಳು. ನಮ್ಮಲ್ಲಿ ಹಿರಿಯ ಗಂಡಸರಿಗೆ ಮಾನೊ, ಹೆಂಗಸರಿಗೆ ಮಾನಾ ಎನ್ನುವುದು ರೂಢಿ. "ಯಾಕೆ ಮಾನೊ, ಬರ್ತೀನಿ ಅಂದಿದ್ರಿ?"

"ಬರೋಕೇ ಹೊರಟಿದ್ದೆ ಕಣಮ್ಮ, ದೇವರಾಣೆ. ಹಂದಿ ಮರಿ ಹಾಕ್ತು."

"ಹೋದ ವಾರಾನೂ ಹಂದಿ ಮರಿ ಹಾಕ್ತು ಅಂದ್ರಲ್ಲ?"

ಪಾಕ್ವಿಟೊ ತಲೆ ಕೆರೆದುಕೊಂಡ. "ಅದು ಬೇರೆ ಹಂದಿ."

ಕ್ಯಾಪ್ಟನ್ ಒಸ್ಮುಂಡೊನ ಹತ್ತಿರ ಹೋದರೆ ಅವನು ಬೆನ್ನಿಗೆ ದಿಂಬು ಒತ್ತಿಕೊಂಡು ಕೂತಿದ್ದ. "ನಾನೇನ್ ಮಾಡ್ಲಿ ಹೇಳು, ಕುತ್ತಿಗೆಪಟ್ಟಿ ಹಿಡ್ಕೊಂಡು ಎಳ್ಕೊಂಡು ಬರ್ಲಾ? ಚುನಾವಣೆ ಬೇರೆ ಹತ್ರ ಬಂತು. ಇನ್ನೊಂದು ಭಾನುವಾರ ಇದೆ, ಅದೂ ಆಗ್ಲಿಲ್ಲ ಅಂದ್ರೆ ನನ್ನನ್ನ ಬಯ್ಬೇಡ."

ನಿಲಾಗೆ ಮೈಯೆಲ್ಲ ಉರಿದುಹೋಯಿತು. ಆರು ವರ್ಷ ಇವರ ಗಾಯ ತೊಳೆದಿದ್ದಾಳೆ, ಇವರ ಮಕ್ಕಳ ತೂಕ ನೋಡಿದ್ದಾಳೆ, ಇವರ ಮುದುಕರ ಉಗುರು ಕತ್ತರಿಸಿದ್ದಾಳೆ. ಒಂದು ಗಂಟೆ ಬಂದು ಕುರ್ಚಿಯಲ್ಲಿ ಕೂರಲು ಇವರಿಗೇನು ಧಾಡಿ?

ನಮ್ಮೂರಲ್ಲಿ ಮನಸ್ಸಿನಲ್ಲಿದ್ದದ್ದನ್ನು ಬಾಯಿಗೆ ತರುವವಳು ಒಬ್ಬಳೇ, ಮೀನು ಒಣಗಿಸುವ ಬಸಿಲಿಸಾ. ಐವತ್ತೆಂಟು ವರ್ಷ, ಗಂಡ ಸತ್ತು ಬಹಳ ಕಾಲವಾಯಿತು, ಇದ್ದೊಬ್ಬ ಮಗ ಎಫ್ರೆನ್ ಕೂಡ ಹೋಗಿ ಒಂದೂವರೆ ವರ್ಷ. ಶನಿವಾರ ಬೆಳಿಗ್ಗೆ ನಿಲಾ ಅವಳ ಹಿತ್ತಿಲಿಗೆ ಹೋದಾಗ ಬಸಿಲಿಸಾ ಬಿದಿರಿನ ತಟ್ಟಿಯ ಮೇಲೆ ಸೀಳಿದ ಮೀನುಗಳನ್ನು ಒಂದೊಂದಾಗಿ ಮಗುಚಿ ಹಾಕುತ್ತಿದ್ದಳು. ಬಂದವಳನ್ನು ಕೂರು ಅನ್ನಲಿಲ್ಲ. "ಆ ಕಡೆ ಸಾಲು ನೀನು ಮಗುಚು" ಅಂದಳು. ಅದೇ ಅವಳ ಉಪಚಾರ.

"ಮಾನಾ, ನೀವಾದ್ರೂ ನಿಜ ಹೇಳಿ. ಯಾರೂ ಯಾಕೆ ಬರ್ತಿಲ್ಲ?"

"ಬಂದು ಕೈ ಎತ್ತಿದ್ರೆ ನೀನು ಹೋಗ್ತೀಯ. ಬಂದೂ ಕೈ ಎತ್ತದೆ ಕೂತ್ರೆ ನಿನ್ನ ಮುಖ ನೋಡೋಕಾಗಲ್ಲ. ಅದಕ್ಕೆ ಎಲ್ಲ ಮನೇಲಿ ಬಾಗಿಲು ಹಾಕ್ಕೊಂಡು ಕೂತಿದ್ದಾರೆ. ನಾನೂ ಕೂತಿದ್ದೆ. ನಾಳೇನೂ ಬರಲ್ಲ."

"ನಾನು ವಾಪಸ್ ಬರ್ತೀನಲ್ಲ ಮಾನಾ!"

"ಗ್ಲೆಂಡಾನೂ ಹಂಗೇ ಅಂದಿದ್ಲು." ಗ್ಲೆಂಡಾ ನಿಲಾಗಿಂತ ಮೊದಲು ನಮ್ಮೂರು ಕೈ ಎತ್ತಿ ಕಳಿಸಿದ ಹುಡುಗಿ. "ಮಾತೆ ಮರಿಯಳ ಮುಂದೆ ನಿಂತು ಆಣೆ ಮಾಡಿದ್ಲು. ಈಗ ರಿಯಾದ್‌ನಲ್ಲಿ ಕೂತಿದ್ದಾಳೆ. ಅವರಮ್ಮನ ಮನೆಗೆ ಎರಡು ಬಾಗಿಲಿನ ಫ್ರಿಜ್ ಬಂತು. ನಮಗೇನು ಬಂತು? ಆ ಮುದುಕಿ ಅದರಲ್ಲಿ ಐಸ್ ಮಾಡಿ ನಮಗೇ ಮಾರ್ತಾಳೆ."

ನಿಲಾಗೆ ನಗು ಬಂತು. ಬಸಿಲಿಸಾ ನಗಲಿಲ್ಲ.

"ಅಷ್ಟಕ್ಕೂ ನೀನು ಹೋಗಿ ಇನ್ನೇನು ಕಲೀಬೇಕು? ನಿನಗೆ ಗೊತ್ತಿಲ್ಲದ್ದು ಏನಿದೆ? ನರ್ಸು ತಿಂಗಳಿಗೊಂದು ಸಲ ದೋಣೀಲಿ ಬಂದು ಮುಖ ತೋರಿಸಿ ಹೋಗ್ತಾಳೆ, ಡಾಕ್ಟರ್ ಮುಖ ಹೆಂಗಿದೆ ಅಂತಾನೇ ಮರೆತುಹೋಗಿದೆ. ನಮಗಿರೋಳು ನೀನೊಬ್ಳೇ." ಅವಳ ಕೈ ಮೀನಿನ ಮೇಲೆ ನಿಂತಿತು. "ನನ್ನ ಎಫ್ರೆನ್‌ನ ತೊಡೆ ಮೇಲೆ ಮಲಗಿಸ್ಕೊಂಡು ಪಟ್ಟಣದವರೆಗೂ ದೋಣೀಲಿ ಕೂತೋಳು ನೀನು. ಕೊನೆ ಉಸಿರಿನವರೆಗೂ ಅವನ ಕೈ ಬಿಡ್ಲಿಲ್ಲ. ಹೆತ್ತೋಳು ನಾನೇ ಕಣ್ಣು ಮುಚ್ಕೊಂಡೆ, ನೀನು ಮುಚ್ಕೊಳ್ಳಲಿಲ್ಲ. ಅಂಥೋಳ್ನ ನಾನು ಕೈ ಎತ್ತಿ ಕಳಿಸ್ಲಾ? ಆಗಲ್ಲ ಇಂದಾಯ್. ಬಯ್ಕೊಂಡ್ರೂ ಪರವಾಗಿಲ್ಲ."

ಈ ಮಾತು ನಿಲಾಗೆ ಹೊಸದಲ್ಲ. ಒಂದೂವರೆ ವರ್ಷದಿಂದ ಊರು ಇದನ್ನೇ ಹೇಳಿ ಹೇಳಿ ಅವಳನ್ನು ಅಟ್ಟಕ್ಕೇರಿಸಿತ್ತು. ಪ್ರತಿ ಸಲ ಕೇಳಿದಾಗಲೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ಎಫ್ರೆನ್‌ಗೆ ಹತ್ತೊಂಬತ್ತು ವರ್ಷ. ನಾಲ್ಕು ದಿನ ಕೆಂಡದಂಥ ಜ್ವರ. ಡೆಂಗಿ ಎಂದು ನಿಲಾ ಊಹಿಸಿದ್ದಳು. ಸೊಳ್ಳೆ, ನಿಂತ ನೀರು, ಒದ್ದೆ ಬಟ್ಟೆ, ಗಂಜಿ ಎಲ್ಲ ಅವಳ ಪಾಠದಲ್ಲಿತ್ತು. ಬೆಳಿಗ್ಗೆ ಸಂಜೆ ಹೋಗಿ ಜ್ವರ ನೋಡುತ್ತಿದ್ದಳು. ಐದನೆಯ ಬೆಳಿಗ್ಗೆ ಜ್ವರ ಇಳಿದಿತ್ತು. ಬಸಿಲಿಸಾ ಮಗನ ಹಣೆ ಮುಟ್ಟಿ ನೋಡಿ ಅತ್ತಳು, ಮರಿಯಳ ಚಿತ್ರದ ಮುಂದೆ ಮೇಣದಬತ್ತಿ ಹಚ್ಚಿದಳು. ನಿಲಾ ತನ್ನ ಪುಸ್ತಕದಲ್ಲಿ ಅಂದವಾದ ಅಕ್ಷರದಲ್ಲಿ ಬರೆದುಕೊಂಡಳು: ಜ್ವರವಿಲ್ಲ. ನಾಡಿ ನೂರಿಪ್ಪತ್ತು. ಕೈಕಾಲು ತಣ್ಣಗಿವೆ. ಹೊಟ್ಟೆ ನೋವು ಅನ್ನುತ್ತಾನೆ. ಬರೆದು ಮುಗಿಸಿ, "ಗಂಡಾಂತರ ಕಳೀತು ಮಾನಾ, ಇನ್ನು ಗಂಜಿ ಕೊಡಿ" ಎಂದು ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಹುಡುಗ ಎದ್ದು ಕೂರಲಾರದೆ ಹೋದ. ದೋಣಿ ಪಟ್ಟಣದ ಕಟ್ಟೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಡೆಂಗಿ ಕೊಂಡೊಯ್ಯಿತು ಎಂದರು ಎಲ್ಲರೂ. ದೋಣಿ ನಿಧಾನವಾಯಿತು ಎಂದರು. ನಿಲಾ ಕೂಡ ಹಾಗೆಯೇ ನಂಬಿದ್ದಳು, ಮೂರು ತಿಂಗಳು ಮಾತ್ರ. ಆಮೇಲೆ ಪಟ್ಟಣದಲ್ಲಿ ಸಹಾಯಕಿಯರಿಗೆಲ್ಲ ಎರಡು ದಿನದ ತರಬೇತಿ ಇಟ್ಟಿದ್ದರು. ಒಬ್ಬ ನರ್ಸಮ್ಮ ಹಲಗೆಯ ಮೇಲೆ ಜ್ವರದ ಗೆರೆ ಎಳೆದಳು. ಏರಿತು, ಏರಿತು, ಇಳಿಯಿತು. ಇಳಿದ ಜಾಗದಲ್ಲಿ ಕೆಂಪು ಸೀಮೆಸುಣ್ಣದಿಂದ ಸುತ್ತು ಹಾಕಿ ಹೇಳಿದಳು, "ಎಲ್ಲರೂ ಇಲ್ಲಿ ನಿಟ್ಟುಸಿರು ಬಿಡ್ತಾರೆ. ಸಾವು ಬರೋದು ಇಲ್ಲೇ. ಜ್ವರ ಇಳಿದಾಗ ಕೈಕಾಲು ತಣ್ಣಗಾಗಿ, ನಾಡಿ ಓಡ್ತಾ, ಹೊಟ್ಟೆ ನೋವು ಅಂದ್ರೆ, ಆ ಗಳಿಗೇಲೇ ದೋಣಿ ಹತ್ತಿಸಿ. ನಾಳೆಗೆ ಅಂತ ಇಡಬೇಡಿ." ನಿಲಾ ಎದ್ದು ಹೊರಗೆ ಹೋಗಿ, ತನ್ನ ಪುಸ್ತಕದಲ್ಲಿ ಆ ಐದನೆಯ ಬೆಳಿಗ್ಗೆ ಬರೆದದ್ದನ್ನು ತೆಗೆದು ಓದಿದಳು.

ಅಳೆಯುವುದು ಅವಳಿಗೆ ಗೊತ್ತಿತ್ತು. ಅಳೆದದ್ದು ಏನು ಹೇಳುತ್ತದೆ ಎಂಬುದು ಗೊತ್ತಿರಲಿಲ್ಲ. ಆ ಒಂದು ದಿನ ಮೊದಲು ದೋಣಿ ಬಿಟ್ಟಿದ್ದರೆ ಹುಡುಗ ಬದುಕುತ್ತಿದ್ದನೋ ಏನೋ. ಆ "ಏನೋ" ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತುಬಿಟ್ಟಿತು. ನರ್ಸಿಂಗ್ ಓದಬೇಕು ಎಂಬ ಹಟ ಹುಟ್ಟಿದ್ದು ಅಂದೇ. ಅಪ್ಪನಿಗೆ ಮಾತ್ರ ಹೇಳಿದ್ದಳು. ಉರ್ಬಾನೊ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಬಾಯಿ ಮುಚ್ಕೊಂಡಿರು ಮಗಳೇ. ಹೇಳಿದ್ರೆ ಆ ಹುಡುಗ ಎದ್ದು ಬರ್ತಾನಾ? ಆ ತಾಯೀನ ಇನ್ನೊಂದು ಸಲ ಯಾಕೆ ಕೊಲ್ತೀಯ?" ಅಂದಿದ್ದ. ಅದೂ ನಿಜವೇ. ಅದಕ್ಕೇ ಅವಳು ಇಷ್ಟು ದಿನ ತುಟಿ ಬಿಚ್ಚಿರಲಿಲ್ಲ.

ಈಗ ತಟ್ಟಿಯ ಆಚೆ ಬಸಿಲಿಸಾ, ಈಚೆ ತಾನು. ನಿನಗೆ ಗೊತ್ತಿಲ್ಲದ್ದು ಏನಿದೆ ಎಂದು ಕೇಳುತ್ತಿದ್ದಾಳೆ.

"ಮಾನಾ," ಎಂದಳು ನಿಲಾ. "ಜ್ವರ ಇಳಿದ ಬೆಳಿಗ್ಗೆ ನಾನು ಗಂಡಾಂತರ ಕಳೀತು ಅಂದ್ನಲ್ಲ. ಅದು ಕಳೆದಿರ್ಲಿಲ್ಲ. ಅವತ್ತೇ ಶುರುವಾಗಿತ್ತು. ಅವನ ಕೈ ತಣ್ಣಗಿತ್ತು, ಹೊಟ್ಟೆ ನೋವು ಅಂದಿದ್ದ. ಎಲ್ಲಾ ನೋಡ್ದೆ, ಬರ್ಕೊಂಡೆ. ಅದರರ್ಥ ನನಗೆ ಗೊತ್ತಿರ್ಲಿಲ್ಲ. ನನ್ನ ಜಾಗದಲ್ಲಿ ನರ್ಸ್ ಇದ್ದಿದ್ರೆ ಅವಳಿಗೆ ಗೊತ್ತಿರ್ತಿತ್ತು. ಅವತ್ತೇ ದೋಣಿ ಹತ್ತಿಸ್ತಿದ್ಲು. ನೀವು ಮಗನ್ನ ಕಳ್ಕೊಂಡಿದ್ದು ನನ್ನಿಂದ ಅಂತ ಹೇಳೋಕೆ ಬಂದಿರ್ಲಿಲ್ಲ ನಾನು. ಆದ್ರೆ ನನಗೆ ಎಲ್ಲಾ ಗೊತ್ತು ಅಂತ ಇನ್ನೊಂದು ಸಲ ಹೇಳ್ಬೇಡಿ. ನನ್ನ ಕೈಲಿ ಕೇಳೋಕಾಗಲ್ಲ."

ಬಸಿಲಿಸಾ ಆಗಲೇ ಮಗುಚಿದ್ದ ಸಾಲನ್ನು ಮೊದಲಿನಿಂದ ಮತ್ತೆ ಮಗುಚುತ್ತ ಹೋದಳು. ಒದ್ದೆ ಬದಿ ಮತ್ತೆ ಕೆಳಗಾಯಿತು, ಒಣಗಿದ ಬದಿ ಮೇಲಾಯಿತು; ಅದು ಅವಳಿಗೆ ತಿಳಿದಂತಿರಲಿಲ್ಲ. ಸಾಲಿನ ತುದಿಗೆ ಬಂದಮೇಲೆ ಕೇಳಿದಳು.

"ಯಾವಾಗಿಂದ ಗೊತ್ತು ನಿನಗೆ?"

"ಅವನು ಹೋಗಿ ಮೂರು ತಿಂಗಳಾದ್ಮೇಲೆ."

"ಅವನ ವರ್ಷದ ಪ್ರಾರ್ಥನೆಗೆ ಬಂದು ನನ್ನ ಮನೇಲಿ ಊಟ ಮಾಡಿದ್ಯಲ್ಲ. ಆವಾಗ್ಲೂ ಗೊತ್ತಿತ್ತು."

"ಗೊತ್ತಿತ್ತು ಮಾನಾ."

"ಮನೆಗೆ ಹೋಗು."

ನಿಲಾ ಹೋದಳು. ಅಂದು ಮಧ್ಯಾಹ್ನ ಅಪ್ಪನಿಗೆ ಹೇಳಿದಾಗ ಅವನು ಹಣೆ ಹಣೆ ಚಚ್ಚಿಕೊಂಡ. "ನಾಳೆ ಸಭೆಗೆ ಬರ್ತಿದ್ದ ಒಂಬತ್ತು ಜನಾನೂ ಬರಲ್ಲ ಇನ್ನು. ನೆಮ್ಮದಿ ಆಯ್ತಾ?" ಎಂದು ಬಯ್ದು, ಸ್ವಲ್ಪ ಹೊತ್ತಾದ ಮೇಲೆ ಅವಳ ತಟ್ಟೆಗೆ ತನ್ನ ಪಾಲಿನ ಮೀನನ್ನೂ ಹಾಕಿದ. ನಿಲಾಗೆ ನೆಮ್ಮದಿ ಆಗಿರಲಿಲ್ಲ. ಭಯವಾಗಿತ್ತು. ಆದರೂ ಆ ಮುಳ್ಳು ಸ್ವಲ್ಪ ಸಡಿಲವಾದಂತಿತ್ತು, ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ಅಸಹ್ಯವೂ ಆಯಿತು.

ಭಾನುವಾರ ಅಪ್ಪ ಮಗಳು ಇಬ್ಬರೂ ಅಂಗಳಕ್ಕೆ ಬೇಗನೆ ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಖಾಲಿ ಕುರ್ಚಿಗಳ ಮುಂದೆ ಒಂದು ಗಂಟೆ ಕೂತು, ಒಪ್ಪಿಗೆ ಸಿಗಲಿಲ್ಲ ಎಂದು ಕ್ಯಾಪ್ಟನ್ ಬರೆದುಕೊಟ್ಟರೆ ಎದ್ದು ಹೋಗುವುದು, ಅಷ್ಟೇ ಬಾಕಿ ಎಂದುಕೊಂಡಿದ್ದರು.

ಆದರೆ ಜನ ಬರತೊಡಗಿದರು. ಮೊದಲು ಪಾಕ್ವಿಟೊ, ಹೆಂಡತಿ, ಅತ್ತೆ. ಹಿಂದೆಯೇ ಲುಮಿಂಗ್, ಅಂಗಡಿಗೆ ಬೀಗ ಹಾಕಿ. ಆಮೇಲೆ ಕಡಲ ಕಡೆಯ ಸಾಲಿನವರೆಲ್ಲ ಒಟ್ಟಿಗೆ. ಕುರ್ಚಿ ತುಂಬಿ ಜನ ಕಂಬಿಗೆ ಒರಗಿ ನಿಂತರು. ಯಾರೂ ನಿಲಾಳ ಗಲ್ಲ ಹಿಂಡಲಿಲ್ಲ, ಯಾರೂ ಅವಳ ಕಡೆ ನೋಡಲೂ ಇಲ್ಲ. ಬಸಿಲಿಸಾ ಬೆಳಗಾಗುವುದರೊಳಗೆ ಎದ್ದು ಊರಿನ ಮನೆಮನೆಯ ಬಾಗಿಲನ್ನೂ ತಟ್ಟಿ, ನಿಲಾಳ ವಿಷಯ ಮಾತಾಡೋದಿದೆ, ಬನ್ನಿ, ಹಂದಿ ಮರಿ ಹಾಕಿದ್ರೂ ಬನ್ನಿ ಎಂದು ಹೇಳಿ ಬಂದಿದ್ದಳು ಎಂದು ನಿಲಾಗೆ ತಿಳಿದದ್ದು ಪಕ್ಕದವರ ಪಿಸುಮಾತಿನಿಂದ. ಉರ್ಬಾನೊ ಮಗಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಊರ ಮುಂದೆ ಬಸಿಲಿಸಾ ತಮ್ಮ ಮಾನ ಕಳೆಯುತ್ತಾಳೆ ಎಂಬುದರಲ್ಲಿ ಇಬ್ಬರಿಗೂ ಅನುಮಾನ ಉಳಿಯಲಿಲ್ಲ.

ಬಸಿಲಿಸಾ ಕೊನೆಗೆ ಬಂದಳು. ಶೋಕದ ವರ್ಷ ಮುಗಿದಿದ್ದರೂ ಕಪ್ಪು ಉಡುಪು ಹಾಕಿದ್ದಳು. ಕ್ಯಾಪ್ಟನ್ ಕೆಮ್ಮಿ ಮಾತು ಶುರುಮಾಡುವ ಮೊದಲೇ ಕೈ ಅಡ್ಡ ಹಿಡಿದಳು.

"ನಿನ್ನೆ ನನಗೆ ಹೇಳಿದ್ದನ್ನ ಇವರಿಗೂ ಹೇಳು. ಒಂದಕ್ಷರ ಬಿಡಬೇಡ."

ನಿಲಾ ಎದ್ದು ನಿಂತಳು. ಹೇಳಿದಳು. ನಾಡಿ ಎಷ್ಟಿತ್ತು, ಕೈ ಹೇಗಿತ್ತು, ತಾನೇನು ಬರೆದೆ, ಏನು ತಿಳಿಯಲಿಲ್ಲ, ಯಾವಾಗ ತಿಳಿಯಿತು, ಎಷ್ಟು ದಿನ ಮುಚ್ಚಿಟ್ಟೆ. ಮುಗಿದಾಗ ಅಂಗಳ ಗುಜುಗುಜು ಅಂದಿತು.

"ಅಯ್ಯಯ್ಯೋ, ನನ್ನ ಮೊಮ್ಮಕ್ಕಳಿಗೆ ಜ್ವರ ಬಂದಾಗ್ಲೂ ಇವಳೇ ತಾನೆ ನೋಡಿದ್ದು!" ಎಂದಳು ಲುಮಿಂಗ್.

"ಅವಳೇನು ಬೇಕು ಅಂತ ಮಾಡಿದ್ಲಾ?" ಎಂದ ಪಾಕ್ವಿಟೊ.

"ಬೇಕು ಅಂತ ಮಾಡ್ಲಿಲ್ಲ, ಬೇಕು ಅಂತ ಮುಚ್ಚಿಟ್ಲಲ್ಲ?" ಹಿಂದಿನಿಂದ ಯಾರೋ ಕೂಗಿದರು. ನಿಲಾಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

"ಸಾಕು ಸುಮ್ನಿರಿ," ಎಂದಳು ಬಸಿಲಿಸಾ. ಅವಳ ಮುಂದೆ ಮಾತಾಡುವ ಹಕ್ಕು ಯಾರಿಗಿತ್ತು?

"ಅವತ್ತು ನನ್ನ ಮಗನ ಹಣೆ ತಣ್ಣಗಾಗಿದ್ದು ನೋಡಿ ನಾನೂ ಖುಷಿಪಟ್ಟೆ, ಇವಳೂ ಖುಷಿಪಟ್ಲು. ನಾನು ಮೀನು ಒಣಗ್ಸೋಳು, ನನಗೆ ಗೊತ್ತಾಗ್ದೇ ಇದ್ದದ್ದು ತಪ್ಪಲ್ಲ. ಇವಳಿಗೆ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ? ಇವಳಿಗೆ ಹೇಳ್ಕೊಟ್ಟಿದ್ದೇ ಅಷ್ಟು. ಇವಳಿಗೆ ಎಲ್ಲಾ ಗೊತ್ತು ಅಂತ ಕುಣಿದೋರು ನಾವು. ಎರಡು ಭಾನುವಾರ ಬಾಗಿಲು ಹಾಕ್ಕೊಂಡು ಕೂತೋರೂ ನಾವೇ. ಇವಳನ್ನ ಹಿಂಗೇ ಇಲ್ಲೇ ಇಟ್ಕೊಳ್ತೀರಾ? ಇಟ್ಕೊಳ್ಳಿ. ಮುಂದಿನ ಮಳೆಗಾಲಕ್ಕೆ ನಿಮ್ಮಲ್ಲಿ ಯಾರ ಮನೆ ಹುಡುಗನ ಜ್ವರ ಇಳಿಯುತ್ತೋ ನೋಡೋಣ."

ಅವಳು ಬಲಗೈ ಮೇಲೆತ್ತಿದಳು.

"ಬರ್ಕೊ ಕ್ಯಾಪ್ಟನ್."

ಒಸ್ಮುಂಡೊ ಪೆನ್ನು ಹಿಡಿದು ಗಲಿಬಿಲಿಗೊಂಡ. "ಅಂದ್ರೆ ನೀವು ಇವಳನ್ನ ಕ್ಷಮಿಸಿದ್ರಿ ಅಂತ..."

"ಯಾರಂದ್ರು ಹಂಗಂತ? ನಾನು ಕ್ಷಮಿಸಿಲ್ಲ. ಕೈ ಎತ್ಬೇಕು ಅಂದ್ರೆ ಕ್ಷಮಿಸ್ಬೇಕು ಅಂತ ನಿಮ್ಮ ಕಾಗದದಲ್ಲಿ ರೂಲು ಏನಾದ್ರೂ ಇದ್ಯಾ?"

ಕ್ಯಾಪ್ಟನ್ ಪಾಪ, ಕಾಗದವನ್ನು ತಿರುವಿ ನೋಡಿಯೇ ಬಿಟ್ಟ. "ಇಲ್ಲ."

"ಹಂಗಿದ್ರೆ ಬರ್ಕೊ."

ಪಾಕ್ವಿಟೊ ಕೈ ಎತ್ತಿದ. ಅವನ ಅತ್ತೆ ಎತ್ತಿದಳು. "ಆಣೆ ಮಾಡಿಸ್ಕೊಳ್ಳಿ, ವಾಪಸ್ ಬರ್ತೀನಿ ಅಂತ ಆಣೆ ಮಾಡಿಸ್ಕೊಳ್ಳಿ ಮೊದ್ಲು!" ಎಂದು ಲುಮಿಂಗ್ ಕೂಗಿದಳು. ಬಸಿಲಿಸಾ ತಿರುಗಿಯೂ ನೋಡದೆ, "ಆಣೆ ಮಾಡಿದೋಳು ಫ್ರಿಜ್ ಕಳಿಸಿದ್ಲು. ಇವಳು ಆಣೆ ಮಾಡೋದು ಬೇಡ" ಎಂದಳು. ಲುಮಿಂಗ್ ಗೊಣಗುತ್ತಲೇ ಕೈ ಎತ್ತಿದಳು, ಒಂದೇ ಕೈ. ಕ್ಯಾಪ್ಟನ್ ಮೂರು ಸಲ ಎಣಿಸಿದ. ನಲವತ್ತೇಳು ಮನೆ. ಎತ್ತದವರೂ ಇದ್ದರು, ಮೊದಲ ಸಲ ನಮ್ಮೂರಿನವರು ಎದುರಿಗೆ ಕೂತು ಇಲ್ಲ ಅಂದಿದ್ದರು. ನಿಲಾಗೆ ಕೈ ಎತ್ತದ ಆ ಹದಿನೇಳು ಮನೆಯವರ ಮೇಲೂ ಅಂದು ಗೌರವವೇ ಬಂತು.

ಜನ ಸಹಿ ಹಾಕಲು ಸಾಲು ನಿಂತರು. ಬಸಿಲಿಸಾ ತನ್ನ ಹೆಸರನ್ನು ನಿಧಾನವಾಗಿ ಬರೆದು, ಪೆನ್ನು ಕೆಳಗಿಟ್ಟು ಹೊರಟಳು. ನಿಲಾ ಓಡಿಹೋಗಿ ಅವಳ ಮುಂದೆ ಬಾಗಿದಳು. ದೂರ ಹೋಗುವವರು ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಂಡೇ ಹೋಗಬೇಕು, ಹಾಗೆ ಹೋಗದವರಿಗೆ ನಮ್ಮಲ್ಲಿ ಆಶೀರ್ವಾದವಿಲ್ಲ. ಅವಳು ಆ ಒರಟು ಕೈಯನ್ನು ಹಿಡಿಯಲು ಎರಡೂ ಕೈ ಚಾಚಿದಳು.

ಬಸಿಲಿಸಾ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ಅವಳ ಕಣ್ಣಲ್ಲಿ ಈಗ ನೀರಿತ್ತು.

"ಇವತ್ತು ಕೊಡಲ್ಲ," ಎಂದಳು. "ಕಲಿತು ಬಾ. ಆವಾಗ ಕೊಡ್ತೀನಿ."